ಕಿರಣ ಚಿಕಿತ್ಸೆಯೂ ಜೀವಸತ್ವದ ಗುಳಿಗೆಯೂ

ಜೀವಸತ್ವಗಳು ಆರೋಗ್ಯಕ್ಕೆ ಅವಶ್ಯಕವೆಂಬುದನ್ನು ನಾವೆಲ್ಲರೂ ಶಾಲೆಯಲ್ಲಿಯೇ ಕಲಿತಿದ್ದೇವೆ. ಹಾಗಿದ್ದಮೇಲೆ, ಕ್ಯಾನ್ಸರಿಗಾಗಿ ಕಿರಣ ಚಿಕಿತ್ಸೆ ಪಡೆಯುತ್ತಿರುವ ರೋಗಿಗೆ ಅವನ್ನು ಗುಳಿಗೆಯ ರೂಪದಲ್ಲಿ ಹೆಚ್ಚಾಗಿ ಕೊಟ್ಟರೆ ಒಳ್ಳೆಯದೇ ಆಗಬೇಕಷ್ಟೆ? ಉತ್ತರ ಹೇಳುವ ಮೊದಲು, ಕಿರಣಗಳು ಕ್ಯಾನ್ಸರ್ ಜೀವಕೋಶವನ್ನು ಕೊಲ್ಲುವ ಬಗೆಯನ್ನು ವಿಚಾರಮಾಡೋಣ.

ಜೀವಕೋಶದ ಬಹುಭಾಗವು ನೀರು. ದೇಹವನ್ನು ಹೊಕ್ಕ ಎಕ್ಸ್ ಕಿರಣವು ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಹೊರದೂಡುತ್ತದೆ. ವೇಗವಾಗಿ ಸಾಗುವ ಈ ಎಲೆಕ್ಟ್ರಾನುಗಳು ನೀರಿನ ಅಣುಗಳನ್ನು ಒಡೆಯುತ್ತವೆ. ಆಗ ಆಮ್ಲಜನಕದ ಒಂದು ಪರಮಾಣುವೂ ಜಲಜನಕದ ಒಂದು ಪರಮಾಣುವೂ ಕೂಡಿದ, ಜೋಡಿಯಿಲ್ಲದ ಎಲೆಕ್ಟ್ರಾನೊಂದನ್ನು ಹೊತ್ತ ತುಣುಕು ಹುಟ್ಟುತ್ತದೆ. ಇದಕ್ಕೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂದು ಹೆಸರು. ಜೀವಕೋಶದೊಳಗೆ ಇದರ ಆಯುಸ್ಸು ಕೆಲವೇ ನ್ಯಾನೊಸೆಕೆಂಡು. ಅಷ್ಟರಲ್ಲಿಯೇ ಅದು ನೆರೆಯ ಅಣುವಿನ ಮೇಲೆ ಬೀಳುತ್ತದೆ. ಆ ನೆರೆಯ ಅಣು ಡಿ.ಎನ್.ಎ. ಆಗಿದ್ದರೆ ಅದರ ಎಳೆ ತುಂಡಾಗಬಹುದು. ಎಕ್ಸ್ ಕಿರಣಗಳಿಂದ ಡಿ.ಎನ್.ಎ.ಗೆ ಒದಗುವ ಹಾನಿಯಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು ಹೀಗೆ ಪರೋಕ್ಷವಾಗಿಯೇ ಆಗುತ್ತದೆ.

ಇ ಜೀವಸತ್ವ, ಬೀಟಾ ಕ್ಯಾರೊಟೀನ್ ಮೊದಲಾದ ಉತ್ಕರ್ಷಣ ನಿರೋಧಕಗಳಿಗೆ ರ‍್ಯಾಡಿಕಲ್ಲುಗಳನ್ನು ಶಮನಗೊಳಿಸುವ ಶಕ್ತಿಯುಂಟು. ಆದುದರಿಂದ ಅವು ಆರೋಗ್ಯವಂತ ಕೋಶಗಳನ್ನು ಕಾಪಾಡಬಹುದೆಂದು ನಿರೀಕ್ಷಿಸುವುದು ಸಹಜ. ಆದರೆ ಗದ್ದೆಗೆ ಹಾಯಿಸಿದ ನೀರು ಪೈರನ್ನು ಮಾತ್ರ ಆರಿಸಿಕೊಂಡು ಹೋಗುವುದೆ? ಕಳೆಗೂ ಅದು ಸಿಕ್ಕೀತು. ಹಾಗೆಯೇ ಈ ರಕ್ಷಣೆ ಕ್ಯಾನ್ಸರ್ ಕೋಶಕ್ಕೂ ದೊರೆತರೆ ಚಿಕಿತ್ಸೆಯ ಉದ್ದೇಶವೇ ಕೆಡುತ್ತದೆ.

ಇದು ತರ್ಕದ ಮಾತು. ತರ್ಕವನ್ನು ಪ್ರಯೋಗದಿಂದ ಪರೀಕ್ಷಿಸಬೇಕಲ್ಲವೆ? ಕೆನಡ ದೇಶದ ಕ್ವಿಬೆಕ್ ಪ್ರಾಂತದಲ್ಲಿ 1994ರಿಂದ ಅಂತಹ ಪರೀಕ್ಷೆ ನಡೆಯಿತು. ತಲೆ ಮತ್ತು ಕತ್ತಿನ ಭಾಗದ ಕ್ಯಾನ್ಸರಿಗೆ ಕಿರಣ ಚಿಕಿತ್ಸೆ ಪಡೆದ 540 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನವೂ 400 ಘಟಕ ಇ ಜೀವಸತ್ವವನ್ನೂ ಇನ್ನೊಂದಕ್ಕೆ ಸತ್ವವಿಲ್ಲದ ಹುಸಿ ಗುಳಿಗೆಯನ್ನೂ ಕೊಟ್ಟರು. ಈ 400 ಘಟಕವು ದಿನದ ಸಾಮಾನ್ಯ ಅವಶ್ಯಕತೆಯ ಹತ್ತು ಪಟ್ಟಿಗಿಂತ ಹೆಚ್ಚು. ಮೊದಲಲ್ಲಿ ಬೀಟಾ ಕ್ಯಾರೊಟೀನನ್ನೂ ಕೊಡುತ್ತಿದ್ದರು. ಅದು ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರನ್ನು ಹೆಚ್ಚಿಸಿತೆಂದು ಬೇರೆ ಪರೀಕ್ಷೆಗಳಿಂದ ತಿಳಿದುಬಂದುದರಿಂದ ನಡುವೆ ನಿಲ್ಲಿಸಿದರು.

2005ರಲ್ಲಿ ಫಲಿತಾಂಶ ಪ್ರಕಟವಾಯಿತು. ಸತ್ವ ಸೇವಿಸಿದವರಲ್ಲಿ, ಅದರಲ್ಲೂ ಎರಡನ್ನೂ ಸೇವಿಸಿದವರಲ್ಲಿ, ಚಿಕಿತ್ಸೆಯ ತೀವ್ರ ಅಡ್ಡಪರಿಣಾಮಗಳು ಕಡಿಮೆಯಾಗಿದ್ದವು. ಆದರೆ ಅವರಲ್ಲಿಯೇ ಕ್ಯಾನ್ಸರು ಮರುಕಳಿಸುವ ಪ್ರಮಾಣ ಹೆಚ್ಚಿದಂತೆ ಕಂಡಿತು. ಈ ವ್ಯತ್ಯಾಸ ಆಕಸ್ಮಿಕವಲ್ಲವೆಂದು ಖಚಿತವಾಗಿ ಹೇಳುವಷ್ಟು ದೊಡ್ಡದಾಗಿರಲಿಲ್ಲ. 2006ರ ವರದಿಯಲ್ಲಿ ಮಾತ್ರ ಸಾವಿನ ಪ್ರಮಾಣವೂ ಈ ಗುಂಪಿನಲ್ಲಿ ಹೆಚ್ಚೆಂಬುದು ಸ್ಪಷ್ಟವಾಯಿತು. 2008ರ ವಿಶ್ಲೇಷಣೆಯು ಇನ್ನೊಂದು ಅಂಶವನ್ನು ತೋರಿಸಿತು: ಕಿರಣ ಚಿಕಿತ್ಸೆಯ ದಿನಗಳಲ್ಲಿಯೂ ಧೂಮಪಾನವನ್ನು ಬಿಡದಿದ್ದವರಲ್ಲಿಯೇ ಈ ಹಾನಿ ಕಂಡುಬಂದಿತ್ತು.

ಇದರಿಂದ ಹಣ್ಣು ತರಕಾರಿಗಳಿಗೆ ಹೆದರಬೇಕೆಂದು ಯಾರೂ ತಿಳಿಯಬಾರದು. ಚಿಕಿತ್ಸೆಯ ದಿನಗಳಲ್ಲಿ ರೋಗಿಯ ತೂಕ ಇಳಿಯದಂತೆ ಸಾಕಷ್ಟು ಆಹಾರ ಸಿಗಬೇಕು. ಯಾವುದಾದರೂ ಸತ್ವದ ಕೊರತೆಯಿದ್ದರೆ ವೈದ್ಯರು ಅದನ್ನು ತುಂಬಿಕೊಡುತ್ತಾರೆ. ಎಚ್ಚರ ಬೇಕಾದುದು ದೊಡ್ಡ ಪ್ರಮಾಣದ ಗುಳಿಗೆ, ಪುಡಿ, ಲೇಹ್ಯಗಳ ವಿಷಯದಲ್ಲಿ. ಹಿತಚಿಂತಕರು ತಂದುಕೊಟ್ಟದ್ದಾದರೂ ಸರಿಯೆ, ಚಿಕಿತ್ಸೆ ನೀಡುವ ವೈದ್ಯರಿಗೆ ತೋರಿಸಿ, ಅವರು ಒಪ್ಪಿದ ಮೇಲೆಯೇ ಅದನ್ನು ಸೇವಿಸಬೇಕು. ಮನೆಯಲ್ಲಿ ಇಂತಹ ರೋಗಿಗಳಿದ್ದರೆ ವಿದ್ಯಾರ್ಥಿಗಳು ಈ ಒಂದು ಮಾತನ್ನು ಹಿರಿಯರಿಗೆ ತಿಳಿಸಿಕೊಡಬೇಕು.