ಪಥ್ಯ, ಕ್ಷಯ, ಶಕ್ತಿ: ಕಾಸರಗೋಡಿನ ಒಂದು ಮನೆಯೂಟ ಮತ್ತು ರೋಗನಿರೋಧಕತೆಯ ಓದು

ನನ್ನ ಧ್ವನಿ ಕೇಳಿಸ್ತಾ ಉಂಟು ಅಂದ್ಕೊಳ್ತೇನೆ. ಇಲ್ಲಿ ಮಳೆ ಜೋರು. ಕರೆಂಟು ಹೋದರೆ ಮೊಬೈಲಿನಿಂದ ಮತ್ತೆ ಸೇರ್ಕೊಳ್ತೇನೆ. ಸಾಹಿತ್ಯದ ವಿದ್ಯಾರ್ಥಿನಿಗೆ ರೋಗನಿರೋಧಕ ಶಕ್ತಿಯ ಉಸಾಬರಿ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನಮ್ಮ ಮನೆಗೆ ಒಂದು ಕಾಯಿಲೆ ಬಂದಾಗ ನಾವು ಎಡವಿದ್ದು ಶಬ್ದದಲ್ಲಿ. ಆದ್ದರಿಂದ ಈ ವಿಷಯ ಆರಿಸಿಕೊಂಡೆ.

ನನ್ನ ಸೋದರಮಾವನಿಗೆ ಕ್ಷಯ ಅಂತ ಗೊತ್ತಾದಾಗ ನಾನು ಹಾಸ್ಟೆಲಿನಲ್ಲಿದ್ದೆ. ಮಾತ್ರೆ ಪುಕ್ಕಟೆ ಸಿಕ್ಕಿತು, ಮಾವ ಒಂದು ದಿನವೂ ತಪ್ಪಿಸಲಿಲ್ಲ. ಮಾತ್ರೆಯ ಜೊತೆ ಒಂದು ಹಾಳೆ ಕೊಟ್ಟಿದ್ದರು, ಮಲಯಾಳದಲ್ಲಿ. ಅಜ್ಜಿಗೆ ತುಳು, ಕನ್ನಡ ಬರ್ತದೆ. ಮಲಯಾಳದ ಮಾತು ಅಷ್ಟಿಷ್ಟು ಅರ್ಥವಾಗ್ತದೆ, ಅಕ್ಷರ ಗೊತ್ತಿಲ್ಲ. ಪಕ್ಕದ ಮನೆಯ ಹುಡುಗ ಓದಿ ಹೇಳಿದ, ‘ಮಾಂಸ್ಯಂ’ ಹೆಚ್ಚಿರುವ ಊಟ ಕೊಡಬೇಕಂತೆ ಅಂತ. ಮಲಯಾಳದಲ್ಲಿ ಮಾಂಸ್ಯಂ ಅಂದರೆ ಪ್ರೋಟೀನು. ಅಜ್ಜಿಯ ಕಿವಿಗೆ ಬಿದ್ದದ್ದು ಮಾಂಸ. ಕಾಯಿಲೆಯವನಿಗೆ ಮಾಂಸವೇ? ಪಥ್ಯ ಬೇಡವೇ? ಹಾಳೆ ಕ್ಯಾಲೆಂಡರಿನ ಹಿಂದೆ ಹೋಯಿತು. ಮಾವನಿಗೆ ಗಂಜಿ ತೆಳಿ, ಉಪ್ಪಿನಕಾಯಿ, ಸುಟ್ಟ ಹಪ್ಪಳ. ಮೀನು ನಂಜು, ಮೊಟ್ಟೆ ಉಷ್ಣ, ಮೊಸರು ಶೀತ. ಎರಡು ತಿಂಗಳ ಮೇಲೆ ನಾನು ಬಂದು ನೋಡಿದರೆ ಮಾವನ ವಾಚು ಮೊಣಕೈಯವರೆಗೆ ಜಾರ್ತಾ ಇತ್ತು.

ಪಥ್ಯ ಅಂದರೆ ಮೂಲದಲ್ಲಿ ಹಿತವಾದದ್ದು, ತಕ್ಕದ್ದು ಅಂತ ಅರ್ಥ. ನಮ್ಮ ಅಡುಗೆಮನೆಗಳಲ್ಲಿ ಅದು ‘ಬಿಡುವುದು’ ಅಂತಾಗಿದೆ. ಯಾವುದನ್ನು ಬಿಡಬೇಕು ಅನ್ನುವ ಪಟ್ಟಿ ಎಲ್ಲರಿಗೂ ಬಾಯಿಪಾಠ. ಯಾವುದನ್ನು ಸೇರಿಸಬೇಕು ಅಂತ ಕೇಳಿದರೆ ಉತ್ತರ ಇಲ್ಲ.

ಆದರೆ ಸೋಂಕಿನ ಹೊತ್ತಿನಲ್ಲಿ ದೇಹಕ್ಕೆ ಖರ್ಚು ಹೆಚ್ಚು. ಜ್ವರ 1 ಡಿಗ್ರಿ ಸೆಲ್ಸಿಯಸ್ ಏರಿದರೆ ಇಂಧನದ ಬಳಕೆ ಸುಮಾರು ಹತ್ತರಲ್ಲಿ ಒಂದು ಪಾಲು ಏರ್ತದೆ. ರೋಗಾಣುವನ್ನು ಹಿಡಿಯುವ ಪ್ರತಿಕಾಯಗಳು ಸ್ವತಃ ಪ್ರೋಟೀನುಗಳು. ಸೋಂಕಿನ ಜಾಗಕ್ಕೆ ಮೊದಲು ಓಡುವ ಬಿಳಿ ರಕ್ತಕಣ ನ್ಯೂಟ್ರೋಫಿಲ್. ಅದರ ಆಯುಷ್ಯ ಹೆಚ್ಚೆಂದರೆ ಕೆಲವು ದಿನ. ಮೂಳೆಯೊಳಗಿನ ಮಜ್ಜೆ ಇಂಥ ಸುಮಾರು 10,000 ಕೋಟಿ ಕಣಗಳನ್ನು ದಿನಾ ಹೊಸತಾಗಿ ತಯಾರಿಸಬೇಕು. ಊಟ ತೀರಾ ಕಮ್ಮಿಯಾದರೆ ಟಿ-ಕಣಗಳು ಪಳಗುವ ಥೈಮಸ್ ಗ್ರಂಥಿಯೇ ಕುಗ್ಗುತ್ತದೆ. ಕ್ಷಯದ ರೋಗಾಣುವನ್ನು ಶ್ವಾಸಕೋಶದಲ್ಲಿ ಕಟ್ಟಿಹಾಕಿ ಇಡುವುದು ಮುಖ್ಯವಾಗಿ ಈ ಟಿ-ಕಣಗಳ ಕೆಲಸ.

ಕ್ಷಯ ಅನ್ನುವ ಶಬ್ದ ಇದನ್ನು ಮೊದಲೇ ಹೇಳಿತ್ತು ಅನ್ನಿಸ್ತದೆ. ಕುಂದುವುದು, ತೇಯುವುದು. ದಕ್ಷನ ಶಾಪದಿಂದ ಚಂದ್ರನಿಗೆ ಬಂದದ್ದೂ ಇದೇ. ರೋಗ ಮನುಷ್ಯನನ್ನು ತೇಯಿಸುವುದು ಕಣ್ಣಿಗೆ ಕಾಣ್ತದೆ. ಮೊದಲೇ ತೇದವನನ್ನು ರೋಗ ಬೇಗ ಹಿಡಿಯುವುದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಅದನ್ನು ಅಳೆದು ತೋರಿಸಿದವರು ನಮಗೆ ಹತ್ತಿರದವರೇ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಜೊತೆಗಾರರೊಂದಿಗೆ ಜಾರ್ಖಂಡ್‌ನಲ್ಲಿ ‘ರೇಷನ್ಸ್’ ಎಂಬ ಅಧ್ಯಯನ ನಡೆಸಿದರು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. 2,800 ರೋಗಿಗಳು, ಅವರ ಮನೆಯ 10,345 ಮಂದಿ. ರೋಗಿಗಳೆಲ್ಲರಿಗೂ ಆಹಾರದ ಚೀಲ ಸಿಕ್ಕಿತು. ಅರ್ಧದಷ್ಟು ಕಡೆ ಮನೆಯವರಿಗೂ ಕೊಟ್ಟರು: ದೊಡ್ಡವರಿಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ, ಜೊತೆಗೆ ವಿಟಮಿನ್ ಮಾತ್ರೆ. ಆ ಮನೆಗಳಲ್ಲಿ ಹೊಸತಾಗಿ ಕ್ಷಯ ಬರುವುದು 39 ಶೇಕಡಾ ಕಮ್ಮಿಯಾಯಿತು. ರೋಗಿಗಳಲ್ಲಿ ಮೊದಲ ಎರಡು ತಿಂಗಳಲ್ಲಿ ತೂಕ 5 ಶೇಕಡಾ ಏರಿದವರಿಗೆ ಸಾವಿನ ಅಪಾಯ 61 ಶೇಕಡಾ ಕಡಿಮೆ ಇತ್ತು. ಅಕ್ಕಿ ಮತ್ತು ಬೇಳೆ, ಮಾರಾಯ್ರೆ! ಇದನ್ನು ಓದಿದ ದಿನ ನನಗೆ ಮಾವನ ಆ ಎರಡು ತಿಂಗಳು ನೆನಪಾಗಿ ನಿದ್ದೆ ಬರಲಿಲ್ಲ. ರೋಗಾಣುವನ್ನು ಕೊಲ್ಲುವುದು ಮಾತ್ರೆಯೇ, ಊಟ ಅದರ ಬದಲಿ ಅಲ್ಲ. ಆದರೆ ಮಾತ್ರೆ ಕೆಲಸ ಮಾಡುವ ಮೈ ಊಟದಿಂದ ಆಗಬೇಕು.

ಇನ್ನು ‘ಶಕ್ತಿ’. ಕನ್ನಡದಲ್ಲಿ ರೋಗನಿರೋಧಕ ಶಕ್ತಿ, ಮರಾಠಿಯಲ್ಲಿ ರೋಗಪ್ರತಿಕಾರಕ ಶಕ್ತಿ, ಮಲಯಾಳದಲ್ಲಿ ರೋಗಪ್ರತಿರೋಧಶೇಷಿ. ಶೇಷಿ ಅಂದರೆ ಸಾಮರ್ಥ್ಯ. ಕನ್ನಡದ ಕಿವಿಗೆ ಮಾತ್ರ ಉಳಿದದ್ದು, ಬಾಕಿ ಅಂತ ಕೇಳಿಸ್ತದೆ. ನನಗೆ ಆ ತಪ್ಪು ಅರ್ಥವೇ ಹೆಚ್ಚು ಸರಿ ಅನ್ನಿಸ್ತದೆ. ಶಕ್ತಿ ಅಂದ ಕೂಡಲೇ ಹೆಚ್ಚಿಸಬಹುದು, ಹೆಚ್ಚಾದಷ್ಟು ಒಳ್ಳೇದು ಅನ್ನುವ ಭಾವನೆ ಬರ್ತದೆ. ಅಂಗಡಿಯ ಪುಡಿ, ಲೇಹ್ಯ ಎಲ್ಲ ಮಾರಾಟವಾಗುವುದು ಆ ಭಾವನೆಯ ಮೇಲೆ. ಆದರೆ ನಿರೋಧ ಮಿತಿಮೀರಿದರೂ ಕಾಯಿಲೆಯೇ: ಅಲರ್ಜಿ, ದೇಹ ತನ್ನ ಕೀಲುಗಳನ್ನೇ ಕೆಡಿಸಿಕೊಳ್ಳುವ ಒಂದು ಬಗೆಯ ಸಂಧಿವಾತ. ಕೋವಿಡ್ ಬಿಗಡಾಯಿಸಿದ ಹಲವರಲ್ಲಿ ಹಾನಿ ಮಾಡಿದ್ದು ಅಂಕೆ ಮೀರಿದ ಉರಿಯೂತ.

ಈಗ ಆಟಿ ತಿಂಗಳು, ಆದ್ದರಿಂದ ಕಷಾಯದ ಮಾತು ಬಿಡುವ ಹಾಗಿಲ್ಲ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಹಾಲೆ ಮರದ ತೊಗಟೆಯನ್ನು ಕಲ್ಲಿನಲ್ಲಿ ಜಜ್ಜಿ ತಂದು, ಓಮ, ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಕುಡಿಯುತ್ತೇವೆ; ಆಮೇಲೆ ಮೆಂತೆ ಗಂಜಿ. ನಾನೂ ಕುಡೀತೇನೆ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಕುತ್ತು, ಅದರಲ್ಲಿ ಸ್ಟ್ರಿಕ್ನಿನ್ ವಿಷ ಇರ್ತದೆ. (ಕಾಸರಗೋಡು ಎಂಬ ಹೆಸರೂ ಆ ಮರದಿಂದಲೇ ಬಂತು ಅಂತ ಹೇಳುವುದುಂಟು!) ಆದರೆ ದಿನಾ 10,000 ಕೋಟಿ ಕಣ ಹುಟ್ಟಿಸಬೇಕಾದ ಮೈಯನ್ನು ವರ್ಷಕ್ಕೊಂದು ಲೋಟ ಕಹಿ ಕಾಯ್ತದೆ ಅಂತ ನಂಬುವುದು ಕಷ್ಟ.

ಹಾಗಾದರೆ ಆಟಿಯಲ್ಲಿ ಏನೂ ಇಲ್ಲವೇ? ಉಂಟು, ಊಟದಲ್ಲಿ ಉಂಟು. ಹಿಂದೆ ಆಟಿ ಅಂದರೆ ಹೊಟ್ಟೆಗಿಲ್ಲದ ತಿಂಗಳು. ಗದ್ದೆ ಕೆಲಸ ಮುಗಿದಿರ್ತದೆ, ಕಳೆದ ಬೆಳೆಯ ಭತ್ತ ಖಾಲಿ, ಕಡಲಿಗೆ ಇಳಿಯುವ ಹಾಗಿಲ್ಲ. ಆಗ ಜನ ತಿಂದದ್ದು ಚಗಟೆ ಸೊಪ್ಪು, ಕೆಸುವಿನ ಪತ್ರೊಡೆ, ಕಳಲೆ, ಹಲಸಿನ ಬೀಜ, ಉಪ್ಪಿಗೆ ಹಾಕಿಟ್ಟ ಹಲಸಿನ ಸೊಳೆ, ಹುರುಳಿ. ಹುರುಳಿಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್. ಸೊಪ್ಪಿನ ಕ್ಯಾರೊಟಿನ್ ದೇಹದಲ್ಲಿ ಎ ವಿಟಮಿನ್ ಆಗಿ, ಮೂಗು, ಗಂಟಲು, ಕರುಳಿನ ಒಳಪದರವನ್ನು ಗಟ್ಟಿಯಾಗಿಡ್ತದೆ. ನಾರನ್ನು ಕರುಳಿನ ಬ್ಯಾಕ್ಟೀರಿಯಾ ತಿಂದು ಬ್ಯುಟಿರೇಟ್ ಎಂಬ ಆಮ್ಲ ಕೊಡ್ತವೆ, ಅದು ದೊಡ್ಡ ಕರುಳಿನ ಗೋಡೆಯ ಕೋಶಗಳ ಆಹಾರ. ಕುಚ್ಚಲಕ್ಕಿಯಲ್ಲಿ ಭತ್ತವನ್ನೇ ಬೇಯಿಸುವುದರಿಂದ ಬಿ ವಿಟಮಿನ್ ತೌಡಿನಿಂದ ಅಕ್ಕಿಯೊಳಗೆ ಇಳಿದಿರ್ತದೆ. ಈಗಿನ ಆಟಿ ಕಾರ್ಯಕ್ರಮಗಳಲ್ಲಿ ಇದೆಲ್ಲ ಒಂದು ದಿನದ ಮೇಳವಾಗಿ ಸಿಗ್ತದೆ, ಫೋಟೋ ಸಹಿತ. ಹಸಿವಿನ ಮಾತು ಯಾರೂ ಎತ್ತುವುದಿಲ್ಲ.

ಊಟದ ಆಚೆಗೂ ಒಂದೆರಡು ಮಾತು. ಮಾವನದು ಬೇಕರಿಯಲ್ಲಿ ರಾತ್ರಿ ಪಾಳಿ, ಜೊತೆಗೆ ಬೀಡಿ. ಅಮೆರಿಕದಲ್ಲಿ 164 ಮಂದಿಯ ಮೂಗಿಗೆ ಶೀತದ ವೈರಸ್ ಹಾಕಿ ನೋಡಿದ 2015ರ ಅಧ್ಯಯನದಲ್ಲಿ, 6 ಗಂಟೆಗಿಂತ ಕಮ್ಮಿ ಮಲಗಿದವರಿಗೆ 7 ಗಂಟೆಗಿಂತ ಹೆಚ್ಚು ಮಲಗಿದವರಿಗಿಂತ ಶೀತ ಹಿಡಿಯುವ ಸಾಧ್ಯತೆ ನಾಲ್ಕು ಪಟ್ಟಿಗೂ ಮೇಲಿತ್ತು. ಬೀಡಿ ಹೊಗೆ ಶ್ವಾಸನಾಳವನ್ನು ಗುಡಿಸುವ ಸೂಕ್ಷ್ಮ ರೋಮಗಳನ್ನೇ ಕೆಡಿಸ್ತದೆ. ಬೀಡಿ ಬಿಡಿ ಅಂತ ಹೇಳುವುದು ಸುಲಭ. ರಾತ್ರಿ ಪಾಳಿ ಬಿಡಿ ಅಂತ ಯಾವ ಬಾಯಲ್ಲಿ ಹೇಳುವುದು? ಕ್ಷಯ ರೋಗಿಗಳ ಪೋಷಣೆಗೆ ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡ್ತಾ ಇತ್ತು, 2024ರ ನವೆಂಬರಿನಿಂದ 1,000. ನಮ್ಮಲ್ಲಿ ಆ ದುಡ್ಡು ಕರೆಂಟು ಬಿಲ್ಲಿಗೆ ಹೋಗಿತ್ತು.

ಅಜ್ಜಿಯನ್ನು ಒಪ್ಪಿಸಿದ್ದು ವಾದದಿಂದಲ್ಲ. ‘ಅಜ್ಜೀ, ಬಾಣಂತಿಗೆ ಯಾಕೆ ಮೀನು ಕೊಡ್ತೀರಿ?’ ಅಂತ ಕೇಳಿದೆ. ‘ಮೈ ತುಂಬ್ಲಿಕ್ಕೆ’ ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮರುದಿನ ಹುರುಳಿ ನೆನೆ ಹಾಕಿದರು. ಮೊಟ್ಟೆಗೆ ಇನ್ನೊಂದು ವಾರ ಹಿಡಿಯಿತು. ಮಾವ ಈಗ ಗುಣವಾಗಿದ್ದಾರೆ.

(ಪ್ರಶ್ನೋತ್ತರದಿಂದ) ಅಕ್ಕಲಕೋಟೆಯಿಂದ ಸೇರಿದ್ದ ಒಬ್ಬರು, ‘ನಮ್ಮ ಕಡಿ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ ತಿಂತೀವ್ರೀ, ನಡೀತದೇನ್ರಿ?’ ಅಂತ ಕೇಳಿದರು. ಧಾರಾಳವಾಗಿ; ಶೇಂಗಾದಲ್ಲಿ ಹುರುಳಿಗಿಂತ ಪ್ರೋಟೀನ್ ಸ್ವಲ್ಪ ಹೆಚ್ಚೇ ಉಂಟು. ಆ ಹಾಳೆಯನ್ನು ನಾನು ಈಗ ಕನ್ನಡಕ್ಕೆ ಮಾಡಿದ್ದೇನೆ. ಮಾಂಸ್ಯಂ ಅನ್ನುವಲ್ಲಿ ನಮ್ಮ ಹಳೆಯ ಪಠ್ಯಪುಸ್ತಕದ ‘ಸಸಾರಜನಕ’ ಬರೆಯಲು ಹೊರಟಿದ್ದೆ. ಅಜ್ಜಿ ಅದನ್ನೂ ಕ್ಯಾಲೆಂಡರಿನ ಹಿಂದೆ ಸಿಕ್ಕಿಸುತ್ತಿದ್ದರು. ‘ಬೇಳೆ, ಹುರುಳಿ, ಮೊಟ್ಟೆ, ಮೀನು’ ಅಂತಲೇ ಬರೆದೆ. ಅಕ್ಕಲಕೋಟೆಗೆ ಕಳಿಸುವಾಗ ಮೀನು ತೆಗೆದು ಶೇಂಗಾ ಹಾಕ್ತೇನೆ.