ಜೀರ್ಣೋದ್ಧಾರದ ನಂತರ ಕೇಳಿಸಿದ ಮಾತು: ಹಳೆಯ ಸ್ವೀಡಿಷ್ ಚಿತ್ರಗಳನ್ನು ಹೊಸ ಡಿಸ್ಕ್‌ಗಳಲ್ಲಿ ಮತ್ತೆ ನೋಡಿದಾಗ

ನನ್ನ ಧ್ವನಿ ಕೇಳ್ತಾ ಉಂಟು ಅಂದುಕೊಳ್ಳುತ್ತೇನೆ. ಇಲ್ಲಿ ಮಳೆ ಜೋರಾಗಿದೆ, ನಡುವೆ ನೆಟ್‌ವರ್ಕ್ ಹೋದರೆ ಕ್ಷಮಿಸಿ, ಮತ್ತೆ ಸೇರಿಕೊಳ್ಳುತ್ತೇನೆ.

ನಾನು ಕಾಸರಗೋಡಿನವನು. ನಮ್ಮ ಕಡೆ ಯಾವ ಊರಿಗೆ ಹೋದರೂ ಒಂದಲ್ಲ ಒಂದು ದೇವಸ್ಥಾನದ ಜೀರ್ಣೋದ್ಧಾರ ನಡೆಯುತ್ತಲೇ ಇರುತ್ತದೆ. ಮುರಕಲ್ಲಿನ ಹಳೆಯ ಗೋಡೆ ಬಿಚ್ಚುತ್ತಾರೆ, ಹೊಸದಾಗಿ ಕಟ್ಟುತ್ತಾರೆ, ಬ್ರಹ್ಮಕಲಶ ಆಗುತ್ತದೆ. ಎಲ್ಲ ಫಳಫಳ ಹೊಳೆಯುತ್ತದೆ. ಆದರೆ ಅಜ್ಜ ಕೈಮುಗಿದ ಗುಡಿ ಇದೇ ಹೌದಾ ಎಂಬ ಸಣ್ಣ ಸಂಶಯ ಮಾತ್ರ ಮನಸ್ಸಿನ ಮೂಲೆಯಲ್ಲಿ ಉಳಿಯುತ್ತದೆ. ಸಿನಿಮಾದ ರಿಸ್ಟೋರೇಶನ್ ಎಂಬುದಕ್ಕೆ ನಾನು ಜೀರ್ಣೋದ್ಧಾರ ಅಂತಲೇ ಹೇಳುತ್ತೇನೆ, ಆ ಸಂಶಯವನ್ನೂ ಸೇರಿಸಿಕೊಂಡು.

ಸ್ವೀಡನ್ನಿನ ಚಿತ್ರಗಳನ್ನು ನಾನು ಮೊದಲು ನೋಡಿದ್ದು ತೊಂಬತ್ತರ ದಶಕದಲ್ಲಿ, ಕಾಲೇಜಿನ ದಿನಗಳಲ್ಲಿ. ನಾವು ಏಳೆಂಟು ಜನ ಗೆಳೆಯರು, ಒಂದು ಟೀವಿ, ಬಾಡಿಗೆಗೆ ತಂದ ವಿಸಿಆರ್, ಯಾರೋ ಯಾರಿಂದಲೋ ನಕಲು ಮಾಡಿಕೊಂಡ ಕ್ಯಾಸೆಟ್. ಇಂಗ್ಮಾರ್ ಬರ್ಗ್‌ಮನ್ ಅವರ ‘ಪರ್ಸೋನಾ’ (1966) ಹಾಕಿದ ದಿನ ಚಿತ್ರದ ನಡುವೆ ಪರದೆಯ ಮೇಲೆ ಫಿಲ್ಮು ಹರಿದು, ಸುಟ್ಟು, ಬೆಳ್ಳಗಾಯಿತು. ನಮ್ಮಲ್ಲೊಬ್ಬ ಗಾಬರಿಯಾಗಿ ಓಡಿಹೋಗಿ ವಿಸಿಆರ್ ನಿಲ್ಲಿಸಿ, ಕ್ಯಾಸೆಟ್ ಹೊರತೆಗೆದು, ಹೆಡ್ ಒರೆಸಿದ. ಅದು ನಿರ್ದೇಶಕರೇ ಬೇಕೆಂದು ಮಾಡಿದ್ದು ಅಂತ ನಮಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ. ಈಗ ನಗು ಬರುತ್ತದೆ. ಆದರೆ ಅವತ್ತು ನಮ್ಮ ತಪ್ಪೇನೂ ಇರಲಿಲ್ಲ. ಮೊದಲ ಚಿತ್ರಿಕೆಯಿಂದಲೇ ಗೀರು, ಕಂಪನ, ಮಸುಕು ತುಂಬಿದ ಪ್ರತಿಯಲ್ಲಿ ಕಲಾಕಾರನ ಗಾಯ ಯಾವುದು, ಟೇಪಿನ ಗಾಯ ಯಾವುದು ಅಂತ ಗೊತ್ತಾಗುವುದು ಹೇಗೆ? ಜೀರ್ಣೋದ್ಧಾರದ ಮೊದಲ ಉಪಕಾರ ಇದು. ಸುತ್ತಲಿನ ಚಿತ್ರಿಕೆಗಳೆಲ್ಲ ಶುಭ್ರವಾಗಿದ್ದಾಗಲೇ ಆ ಸುಡುವಿಕೆ ನಿಜವಾಗಿ ಸುಡುತ್ತದೆ.

ಕಳೆದ ಕೆಲವು ವರ್ಷಗಳಿಂದ ನಾನು ಅವೇ ಚಿತ್ರಗಳನ್ನು ಬ್ಲೂ-ರೇ ಡಿಸ್ಕ್‌ಗಳಲ್ಲಿ ಒಂದೊಂದಾಗಿ ಮತ್ತೆ ನೋಡುತ್ತಿದ್ದೇನೆ. 2018ರಲ್ಲಿ, ಬರ್ಗ್‌ಮನ್ ಜನ್ಮಶತಮಾನೋತ್ಸವದ ಹೊತ್ತಿಗೆ, ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ಅವರ 39 ಚಿತ್ರಗಳನ್ನು ಒಂದೇ ಪೆಟ್ಟಿಗೆಯಲ್ಲಿ ತಂದಿತು. ಅದಕ್ಕೂ ಮೊದಲು, 2016ರಲ್ಲಿ, ಯಾನ್ ಟ್ರೋಯೆಲ್ ಅವರ ‘ದಿ ಎಮಿಗ್ರಂಟ್ಸ್’ ಮತ್ತು ‘ದಿ ನ್ಯೂ ಲ್ಯಾಂಡ್’ ಬಂದಿದ್ದವು. 2023ರಲ್ಲಿ ಬೂ ವಿಡರ್‌ಬರಿ ಅವರ ನಾಲ್ಕು ಚಿತ್ರಗಳು ಬಂದವು. 1962ರಲ್ಲಿ ಬರ್ಗ್‌ಮನ್ ಅವರನ್ನೇ ಟೀಕಿಸಿ ಪುಸ್ತಿಕೆ ಬರೆದವರು ಈ ವಿಡರ್‌ಬರಿ. ಅವರ ಬಗ್ಗೆ ಇವತ್ತು ಮಾತಾಡಲು ಸಮಯ ಸಾಲದು. ಆದರೆ ಕಾರ್ಮಿಕರ ಬದುಕಿನ ಚಿತ್ರಗಳ ಮೇಲೆ ಕೆಲಸ ಮಾಡುವವರು ‘ರೇವನ್ಸ್ ಎಂಡ್’ ಮತ್ತು ‘ಓಡಾಲೆನ್ 31’ ಬಿಡಬೇಡಿ.

ಮೊದಲು ಬಣ್ಣ ಮತ್ತು ಬೆಳಕಿನ ವಿಷಯ. ‘ವಿಂಟರ್ ಲೈಟ್’ (1963) ಒಂದು ಭಾನುವಾರದ ಮಧ್ಯಾಹ್ನದ ಕೆಲವೇ ಗಂಟೆಗಳಲ್ಲಿ ನಡೆಯುವ ಕಥೆ. ನಂಬಿಕೆ ಕಳೆದುಕೊಂಡ ಒಬ್ಬ ಪಾದ್ರಿ, ಬೆರಳೆಣಿಕೆಯ ಭಕ್ತರು. ಚಿತ್ರೀಕರಣಕ್ಕೆ ಮೊದಲು ಬರ್ಗ್‌ಮನ್ ಮತ್ತು ಛಾಯಾಗ್ರಾಹಕ ಸ್ವೆನ್ ನೀಕ್ವಿಸ್ಟ್ ಒಂದು ಚರ್ಚಿನಲ್ಲಿ ಗಂಟೆಗಟ್ಟಲೆ ಕೂತು, ಚಳಿಗಾಲದ ಹಗಲು ಬೆಳಕು ಹೇಗೆ ಜರುಗುತ್ತದೆ ಎಂದು ಗಮನಿಸಿದ್ದರಂತೆ. ಅವರಿಗೆ ಬೇಕಾಗಿದ್ದದ್ದು ನೆರಳೇ ಬೀಳದ, ಮೋಡದ ಬೆಳಕು. ನನ್ನ ಹಳೆಯ ಟೇಪಿನಲ್ಲಿ ಅದು ಬರೇ ಬೂದಿ ಬಣ್ಣದ ಮುದ್ದೆಯಾಗಿತ್ತು. ಚಿತ್ರ ನೀರಸ ಅಂತ ಅವತ್ತು ಡೈರಿಯಲ್ಲಿ ಬರೆದುಕೊಂಡಿದ್ದೆ. ಆ ಬೂದಿಯೊಳಗೆ ಇಪ್ಪತ್ತು ಬಗೆಯ ಬೂದಿ ಉಂಟು ಅಂತ ತಿಳಿಯಲು ಇಪ್ಪತ್ತೈದು ವರ್ಷ ಬೇಕಾಯಿತು.

‘ಕ್ರೈಸ್ ಅಂಡ್ ವಿಸ್ಪರ್ಸ್’ (1972) ಇನ್ನೂ ಸೂಕ್ಷ್ಮ. ಅದರ ಕೋಣೆಗಳೆಲ್ಲ ಕೆಂಪು, ದೃಶ್ಯದಿಂದ ದೃಶ್ಯಕ್ಕೆ ಹೋಗುವಾಗ ಪರದೆ ಕಪ್ಪಾಗುವ ಬದಲು ಕೆಂಪಾಗುತ್ತದೆ. ಆತ್ಮದ ಒಳಭಾಗವನ್ನು ತಾನು ಕೆಂಪಾಗಿ ಕಲ್ಪಿಸಿಕೊಂಡಿದ್ದೆ ಎಂದು ಬರ್ಗ್‌ಮನ್ ಹೇಳಿಕೊಂಡಿದ್ದಾರೆ. ಈಗ ತೊಂದರೆ ಕೇಳಿ. ವಿಎಚ್‌ಎಸ್ ಟೇಪಿನಲ್ಲಿ ಬೆಳಕಿನ ವಿವರಕ್ಕಿಂತ ಬಣ್ಣದ ವಿವರ ತುಂಬಾ ಕಡಿಮೆ ದಾಖಲಾಗುತ್ತದೆ. ಹಾಗಾಗಿ ಕೆಂಪು ಬಣ್ಣ ತನ್ನ ಗೆರೆ ದಾಟಿ ಹರಡುತ್ತದೆ, ಒದ್ದೆ ಬಟ್ಟೆಯ ಕುಂಕುಮದ ಹಾಗೆ. ಇನ್ನು ಥಿಯೇಟರಿನ ಹಳೆಯ ಪ್ರಿಂಟುಗಳ ಗತಿ ಬೇರೆ. ಆ ಕಾಲದ ಈಸ್ಟ್‌ಮನ್ ಕಲರ್ ಪ್ರಿಂಟುಗಳಲ್ಲಿ ನೀಲಿ-ಹಸಿರಿನ ವರ್ಣದ್ರವ್ಯ ಮೊದಲು ಮಾಸುವುದರಿಂದ ಇಡೀ ಚಿತ್ರವೇ ಕೆಂಪು ತಿರುಗುತ್ತದೆ. ಅಂದರೆ ಎಲ್ಲ ಚಿತ್ರಗಳೂ ಮುದಿಯಾದಾಗ ಕೆಂಪಾಗುವ ಲೋಕದಲ್ಲಿ, ಹುಟ್ಟುವಾಗಲೇ ಕೆಂಪಾಗಿದ್ದ ಚಿತ್ರದ ಸರಿಯಾದ ಕೆಂಪು ಯಾವುದು? ಮೂಲ ನೆಗೆಟಿವ್ ಸ್ಕ್ಯಾನ್ ಮಾಡಿ, ಸುಸ್ಥಿತಿಯಲ್ಲಿರುವ ಪ್ರಿಂಟಿನ ಜತೆ ಹೋಲಿಸಿ, ಯಾರೋ ಒಬ್ಬರು ಕೂತು ತೀರ್ಮಾನಿಸಬೇಕು. ಗೀರು ತೆಗೆಯುವುದು ಶುಚಿ ಮಾಡುವ ಕೆಲಸ, ಬಣ್ಣ ಕೂಡಿಸುವುದು ವ್ಯಾಖ್ಯಾನದ ಕೆಲಸ. ಹಸ್ತಪ್ರತಿ ಸಂಪಾದನೆ ಓದಿದ ನಮಗೆ ಇದು ಹೊಸತೇನಲ್ಲ. ಪಾಠಾಂತರಗಳಲ್ಲಿ ಒಂದನ್ನು ಆರಿಸುವ ಸಂಪಾದಕ ಇಲ್ಲಿಯೂ ಇದ್ದಾನೆ, ಅಡಿಟಿಪ್ಪಣಿ ಮಾತ್ರ ಇಲ್ಲ.

ಅತಿಯಾಗಿ ಶುಚಿ ಮಾಡಿದರೂ ಕಷ್ಟವೇ. ಫಿಲ್ಮಿನ ಸಹಜ ಕಣಗಳನ್ನು ಕಂಪ್ಯೂಟರಿನಲ್ಲಿ ಪೂರ್ತಿ ಒರೆಸಿಬಿಟ್ಟರೆ ಮುಖಗಳು ಮೇಣದ ಗೊಂಬೆಗಳಾಗುತ್ತವೆ. ಮುಖವನ್ನೇ ನಂಬಿ ನಿಂತ ಬರ್ಗ್‌ಮನ್ ಚಿತ್ರಗಳಿಗೆ ಅದು ಮರಣಶಾಸನ. ನಾನು ನೋಡಿದ ಡಿಸ್ಕ್‌ಗಳಲ್ಲಿ ಆ ಅನಾಹುತ ಆಗಿಲ್ಲ.

ಎಲ್ಲವನ್ನೂ ಉಳಿಸಿಕೊಳ್ಳಲು ಸ್ವೀಡನ್ನಿಗೂ ಆಗಲಿಲ್ಲ. 1941ರಲ್ಲಿ ಸ್ಟಾಕ್‌ಹೋಮಿನ ಫಿಲ್ಮು ಗೋದಾಮಿನಲ್ಲಿ ನೈಟ್ರೇಟ್ ಸ್ಫೋಟಿಸಿ ಮೂಕಿ ಯುಗದ ಎಷ್ಟೋ ನೆಗೆಟಿವ್‌ಗಳು ಸುಟ್ಟುಹೋದವು. ವಿಕ್ಟರ್ ಶೋಸ್ಟ್ರೋಮ್ ಅವರ ‘ದಿ ಫ್ಯಾಂಟಮ್ ಕ್ಯಾರೇಜ್’ (1921) ಉಳಿದುಬಂದದ್ದೇ ಭಾಗ್ಯ. ಸೆಲ್ಮಾ ಲಾಗರ್‌ಲೋಫ್ ಅವರ ಕಾದಂಬರಿಯಿಂದ ಮಾಡಿದ ಚಿತ್ರ ಅದು. ಒಂದೇ ಫಿಲ್ಮಿನ ಮೇಲೆ ಮತ್ತೆ ಮತ್ತೆ ಚಿತ್ರೀಕರಿಸಿ, ಕ್ಯಾಮೆರಾದೊಳಗೇ ದೆವ್ವದ ಗಾಡಿಯನ್ನು ಸೃಷ್ಟಿಸಿದ್ದಾರೆ. ಮೂಕಿ ಚಿತ್ರ ಅಂದರೆ ಕಪ್ಪುಬಿಳುಪು, ಓಡೋಡುವ ಜನ ಅಂತ ನಾವು ಅಂದುಕೊಂಡದ್ದು ಕೆಟ್ಟ ಪ್ರತಿಗಳು ಕಲಿಸಿದ ಪಾಠ. ಇಲ್ಲಿ ರಾತ್ರಿಗೊಂದು ಬಣ್ಣ, ದೀಪದ ಬೆಳಕಿಗೊಂದು ಬಣ್ಣ, ಮನುಷ್ಯರ ನಡಿಗೆಗೆ ಸಹಜ ವೇಗ.

ಉದ್ದದ ಪ್ರಶ್ನೆಯನ್ನು ಬೇಗ ಮುಗಿಸುತ್ತೇನೆ. ‘ಫ್ಯಾನಿ ಅಂಡ್ ಅಲೆಕ್ಸಾಂಡರ್’ (1982) ಥಿಯೇಟರಿಗೆ 188 ನಿಮಿಷ, ಟೀವಿಗೆ 312 ನಿಮಿಷ. ಡಿಸ್ಕಿನ ಸಂಪುಟದಲ್ಲಿ ಎರಡೂ ಉಂಟು. ಯಾವುದು ಮೂಲ ಅಂತ ವಾದ ಮಾಡುವುದಕ್ಕಿಂತ ಎರಡನ್ನೂ ನೋಡುವುದು ಒಳ್ಳೆಯದು, ರಜೆ ಇದ್ದರೆ.

ನಾನು ನಿಜವಾಗಿ ಹೇಳಲು ಬಂದದ್ದು ಇದನ್ನಲ್ಲ, ಮಾತಿನ ಬಗ್ಗೆ. ಸ್ವೀಡಿಷ್ ಸಿನಿಮಾ ಅಂದರೆ ಎಲ್ಲರೂ ಬೆಳಕನ್ನು ಹೊಗಳುತ್ತಾರೆ. ನನಗೆ ಈ ಸಲ ಹೊಸದಾಗಿ ಕೇಳಿಸಿದ್ದು ಭಾಷೆ.

‘ದಿ ಸೈಲೆನ್ಸ್’ (1963) ತೆಗೆದುಕೊಳ್ಳಿ. ಇಬ್ಬರು ಅಕ್ಕತಂಗಿಯರು, ತಂಗಿಯ ಮಗ ಯೋಹಾನ್. ಯಾವುದೋ ಅಪರಿಚಿತ ದೇಶದ ಹೋಟೆಲಿನಲ್ಲಿ ತಂಗಿದ್ದಾರೆ. ಅಲ್ಲಿಯ ಭಾಷೆ ಮೂವರಿಗೂ ಗೊತ್ತಿಲ್ಲ, ನೋಡುವ ನಮಗೂ ಗೊತ್ತಿಲ್ಲ, ಏಕೆಂದರೆ ಅದು ಚಿತ್ರಕ್ಕಾಗಿಯೇ ಕಟ್ಟಿದ ಭಾಷೆ. ಅಕ್ಕ ಎಸ್ತರ್ ವೃತ್ತಿಯಲ್ಲಿ ಅನುವಾದಕಿ. ಕಾಯಿಲೆ ಬಿದ್ದು ಹಾಸಿಗೆಯಲ್ಲಿದ್ದರೂ ಹೋಟೆಲಿನ ಮುದುಕ ಪರಿಚಾರಕನಿಂದ ಒಂದೊಂದು ಶಬ್ದ ಕೇಳಿ ಬರೆದುಕೊಳ್ಳುತ್ತಾಳೆ: ಕೈಗೆ ‘ಕಾಸಿ’, ಮುಖಕ್ಕೆ ‘ನೈಗೊ’. ಕೊನೆಗೆ ಹೊರಟುನಿಂತ ಹುಡುಗನಿಗೆ ಆ ಶಬ್ದಗಳ ಚೀಟಿ ಕೊಡುತ್ತಾಳೆ. ಬೇರೇನೂ ಕೊಡಲು ಅವಳ ಬಳಿ ಇಲ್ಲ. ರೈಲಿನಲ್ಲಿ ಹುಡುಗ ಅದನ್ನು ಓದುತ್ತಾನೆ, ತುಟಿ ಅಲುಗುತ್ತದೆ. ನನ್ನ ಟೇಪಿನಲ್ಲಿ ಆ ತುಟಿ ಕಾಣುತ್ತಿರಲಿಲ್ಲ. ಹುಡುಗ ಸುಮ್ಮನೆ ಕೂತಿದ್ದಾನೆ ಅಂದುಕೊಂಡಿದ್ದೆ. ಅವನು ಕಲಿಯುತ್ತಿದ್ದಾನೆ. ಇದು ಹತಾಶೆಯ ಚಿತ್ರ ಅಂತ ನಾನು ಎಷ್ಟು ವರ್ಷ ತರಗತಿಯಲ್ಲಿ ಹೇಳಿದೆನೋ! ಆ ಮಕ್ಕಳ ಕ್ಷಮೆ ಕೇಳಬೇಕು.

ಎರಡನೆಯದು ಟ್ರೋಯೆಲ್ ಅವರ ಜೋಡಿಚಿತ್ರ. ವಿಲ್‌ಹೆಲ್ಮ್ ಮೂಬರಿ ಅವರ ನಾಲ್ಕು ಕಾದಂಬರಿಗಳನ್ನು ಆಧರಿಸಿ 1971 ಮತ್ತು 1972ರಲ್ಲಿ ಬಂದವು. ಒಂದೊಂದೂ ಮೂರು ಗಂಟೆಗಿಂತ ಹೆಚ್ಚು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಸ್ಮೋಲಾಂಡ್ ಪ್ರಾಂತದ ಬಡ ರೈತ ಕಾರ್ಲ್ ಆಸ್ಕರ್, ಹೆಂಡತಿ ಕ್ರಿಸ್ಟಿನಾ ಮತ್ತು ಜತೆಯವರು ಕಲ್ಲುಹೊಲ ಬಿಟ್ಟು ಅಮೆರಿಕದ ಮಿನೆಸೋಟಾಕ್ಕೆ ಹೋಗುತ್ತಾರೆ. ಮ್ಯಾಕ್ಸ್ ಫಾನ್ ಸೀಡೋ ಮತ್ತು ಲಿವ್ ಉಲ್ಮನ್ ಅಭಿನಯ. ನಿರ್ದೇಶನ, ಛಾಯಾಗ್ರಹಣ, ಸಂಕಲನ ಮೂರೂ ಟ್ರೋಯೆಲ್ ಅವರದೇ.

ಅಮೆರಿಕದ ಬಿಡುಗಡೆಗೆ ಮೊದಲ ಚಿತ್ರವನ್ನು ಸುಮಾರು ಎರಡೂವರೆ ಗಂಟೆಗೆ ಮೊಟಕು ಮಾಡಿದ್ದರು. ನಾನು ಅವತ್ತು ನೋಡಿದ ಕ್ಯಾಸೆಟ್ ಮೊಟಕಾದದ್ದು ಮಾತ್ರವಲ್ಲ, ಇಂಗ್ಲಿಷಿಗೆ ಡಬ್ ಆದದ್ದು ಕೂಡ. ಆಲೋಚಿಸಿ ನೋಡಿ: ಊರಿನಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದ ಜನ ಹಡಗು ಇಳಿದ ಕೂಡಲೇ ಅಮೆರಿಕನ್ನರ ಇಂಗ್ಲಿಷ್ ಅರ್ಥವಾಗದೆ ಕಕ್ಕಾಬಿಕ್ಕಿಯಾಗುತ್ತಾರೆ! ಅವರಿಗೆ ಏನಾಗಿದೆ, ಕಿವುಡೇ ಅಂತ ನಮಗೆ ಅನಿಸಿತ್ತು. ಕಥೆ ಭೂಮಿಯದು, ಬಡತನದ್ದು, ದುಡಿಮೆಯದು ಅಂತ ತೀರ್ಮಾನಿಸಿದೆವು. ಸ್ವೀಡಿಷ್ ಧ್ವನಿ ತನ್ನ ಜಾಗಕ್ಕೆ ಬಂದಾಗಲೇ ಗೊತ್ತಾದದ್ದು, ಈ ಆರೂವರೆ ಗಂಟೆಯುದ್ದಕ್ಕೂ ಒಂದು ಮಾತು ಸಣ್ಣಗೆ ಸವೆಯುತ್ತಾ ಹೋಗುತ್ತಿದೆ ಅಂತ. ಕ್ರಿಸ್ಟಿನಾ ಊರಿನಿಂದ ಬಂದ ಸೇಬಿನ ಬೀಜದ ಗಿಡ ನೆಟ್ಟು ಕಾಯುತ್ತಾಳೆ. ಗಿಡ ಹೊಸ ಮಣ್ಣಿಗೆ ಒಗ್ಗುತ್ತದೆ, ಅವಳು ಒಗ್ಗುವುದಿಲ್ಲ. ಕೊನೆಯಲ್ಲಿ ಮುದುಕ ಕಾರ್ಲ್ ಆಸ್ಕರ್ ತೀರಿಹೋದ ಸುದ್ದಿಯನ್ನು ಸ್ವೀಡನ್ನಿನಲ್ಲಿರುವ ತಂಗಿಗೆ ಬರೆಯುವವನು ಪಕ್ಕದ ಮನೆಯವ. ಮಕ್ಕಳಿಗೆ ಪತ್ರ ಬರೆಯುವಷ್ಟು ಸ್ವೀಡಿಷ್ ಉಳಿದಿಲ್ಲ.

ಈ ದೃಶ್ಯದಲ್ಲಿ ನಾನು ಡಿಸ್ಕ್ ನಿಲ್ಲಿಸಿದೆ. ನಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಗದಗಳ ಒಂದು ಟ್ರಂಕು ಉಂಟು, ಎಲ್ಲ ಮೋಡಿಯಂಥ ಕನ್ನಡ ಬರಹ. ಅಕ್ಕನ ಮಗ ಕೊಚ್ಚಿಯಲ್ಲಿ ಕೆಲಸದಲ್ಲಿದ್ದಾನೆ. ಫೋನಿನಲ್ಲಿ ನನ್ನ ಹತ್ತಿರ ಚೆಂದ ಕನ್ನಡ ಮಾತಾಡುತ್ತಾನೆ, ಆದರೆ ಓದಲು ಬಾರದು. ವಾಟ್ಸಾಪಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾನೆ. ಹೋಲಿಕೆಗೆ ಮಿತಿ ಉಂಟು ಅಂತ ನನಗೂ ಗೊತ್ತು. ಕಾರ್ಲ್ ಆಸ್ಕರ್ ಸಮುದ್ರ ದಾಟಿದವನು. ನನ್ನ ಅಜ್ಜ ಅಂಗಳ ದಾಟಲಿಲ್ಲ, 1956ರಲ್ಲಿ ರಾಜ್ಯವೇ ಬದಲಾಯಿತು. ಮತ್ತೆ, ಕಾರ್ಲ್ ಆಸ್ಕರ್ ಉತ್ತ ನೆಲ ಖಾಲಿ ಇರಲಿಲ್ಲ, ಅದು ಡಕೋಟಾ ಜನರದು. 1862ರ ಅವರ ದಂಗೆಯನ್ನೂ ಅದರ ನಂತರದ ಗಲ್ಲುಶಿಕ್ಷೆಯನ್ನೂ ಟ್ರೋಯೆಲ್ ಮುಚ್ಚಿಡುವುದಿಲ್ಲ. ಬಿಟ್ಟುಹೋದವರ ನೋವನ್ನು ತೋರಿಸುವಾಗ, ಅವರು ಯಾರ ಜಾಗದಲ್ಲಿ ಬಂದು ಕೂತರು ಎಂಬುದನ್ನೂ ತೋರಿಸುವ ಪ್ರಾಮಾಣಿಕತೆ ಅದು.

ಸಬ್‌ಟೈಟಲ್ ಬಗ್ಗೆ ಒಂದು ಮಾತು. ಹಳೆಯ ಪ್ರತಿಗಳಲ್ಲಿ ಅಕ್ಷರಗಳು ಚಿತ್ರದ ಮೇಲೇ ಅಚ್ಚಾಗಿರುತ್ತಿದ್ದವು. ಬಿಳಿ ಹಿಮದ ಮೇಲೆ ಬಿಳಿ ಅಕ್ಷರ, ಸ್ವೀಡನ್ನಿನ ಚಿತ್ರಗಳಿಗೆ ಅದಕ್ಕಿಂತ ಶಾಪ ಬೇಡ. ಡಿಸ್ಕಿನಲ್ಲಿ ಅದು ಬೇರೆ ಪದರ, ಬೇಡವಾದರೆ ತೆಗೆಯಬಹುದು. ಬೇರೆಯದನ್ನು ಹಾಕಲೂಬಹುದು ಎಂಬ ಯೋಚನೆ ಬಂದದ್ದು ಇಲ್ಲಿಂದಲೇ. ನಮ್ಮ ಇಬ್ಬರು ವಿದ್ಯಾರ್ಥಿನಿಯರು ಮತ್ತು ನಾನು ‘ದಿ ನ್ಯೂ ಲ್ಯಾಂಡ್’ ಚಿತ್ರದ ಕೆಲವು ದೃಶ್ಯಗಳಿಗೆ ಕನ್ನಡ ಸಾಲು ಬರೆಯಲು ಕೂತೆವು, ಕಲಿಕೆಯ ಅಭ್ಯಾಸವಾಗಿ. ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದೆವು. ಕ್ರಿಸ್ಟಿನಾಳ ಬಾಯಲ್ಲಿ ‘ಇದೆ’ ಹಾಕುವುದೋ, ‘ಉಂಟು’ ಹಾಕುವುದೋ? ನಾನು ‘ಇದೆ’ ಅಂದೆ, ಎಲ್ಲ ಕಡೆಯವರಿಗೂ ಅರ್ಥವಾಗಲಿ ಅಂತ. ಒಬ್ಬಳು ಒಪ್ಪಲಿಲ್ಲ. “ಸರ್, ಅವಳು ಸೇಬಿನ ಗಿಡದ ಹತ್ತಿರ ನಿಂತು ಪಾಠಪುಸ್ತಕದ ಭಾಷೆ ಮಾತಾಡುವುದಾ?” ಅಂದಳು. ಉತ್ತರ ಕೊಡಲು ನನಗಾಗಲಿಲ್ಲ. ‘ಉಂಟು’ ಅಂತಲೇ ಉಳಿಸಿದೆವು.

ಚಾಟ್‌ನಲ್ಲಿ ಎರಡು ಪ್ರಶ್ನೆ ಬಂದಿವೆ. ಸೊಲ್ಲಾಪುರದ ಮಿತ್ರರು ಕೇಳಿದ್ದಾರೆ, ಈ ಡಿಸ್ಕ್‌ಗಳು ನಮ್ಮ ಪ್ಲೇಯರಿನಲ್ಲಿ ಓಡುತ್ತವಾ ಅಂತ. ಜಾಗ್ರತೆ ಬೇಕು. ಅಮೆರಿಕದ ಬ್ಲೂ-ರೇಗಳು ಹೆಚ್ಚಾಗಿ ‘ಎ’ ವಲಯದವು, ಭಾರತ ‘ಸಿ’ ವಲಯ. ಎಲ್ಲ ವಲಯಗಳನ್ನೂ ಓದುವ ಪ್ಲೇಯರ್ ಬೇಕಾಗುತ್ತದೆ. 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕ್‌ಗಳಿಗೆ ಮಾತ್ರ ಈ ವಲಯದ ಕಾಟ ಇಲ್ಲ. ಒಬ್ಬೊಬ್ಬರೇ ಕೊಳ್ಳುವುದು ದುಬಾರಿ, ವಿಭಾಗಗಳು ಒಟ್ಟಾಗಿ ತರಿಸಿಕೊಂಡರೆ ಒಳ್ಳೆಯದು.

ಎರಡನೆಯದು, ಕನ್ನಡ ಚಿತ್ರಗಳಿಗೆ ಇಂಥದ್ದು ಆಗಿದೆಯಾ? ಆಗಿದೆ, ಅಪರೂಪವಾಗಿ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ (1934) ಪ್ರತಿ ಮಾತ್ರ ಉಳಿದಿಲ್ಲ. ಅದರಲ್ಲಿ ಜನ ಕನ್ನಡವನ್ನು ಹೇಗೆ ಉಚ್ಚರಿಸುತ್ತಿದ್ದರು ಅಂತ ಕೇಳುವ ದಾರಿ ನಮಗಿಲ್ಲ.

ನಮ್ಮ ಕನ್ನಡ ಸಾಲುಗಳ ಕಡತ ಕೇಳಿದವರಿಗೆ: ಅದು ಇನ್ನೂ ಮುಗಿದಿಲ್ಲ. ಸೇಬಿನ ಗಿಡದ ದೃಶ್ಯ ಆಗಿದೆ, ಕೊನೆಯ ಪತ್ರ ಬಾಕಿ ಉಂಟು. ಆ ಪಕ್ಕದ ಮನೆಯವ ಯಾವ ಕನ್ನಡದಲ್ಲಿ ಬರೆಯುತ್ತಾನೆ ಎಂಬಲ್ಲಿ ನಿಂತಿದ್ದೇವೆ.