ಕಂಬಗಳ ಮೇಲಿನ ನ್ಯಾಯ

1970ರ ದಶಕದ ಪೋಲೆಂಡ್‌ನಲ್ಲಿ ವಸತಿ ನಿರ್ಮಾಣವೆಂದರೆ ಕಾರ್ಖಾನೆಯಲ್ಲಿ ಎರಕಹೊಯ್ದ ಕಾಂಕ್ರೀಟ್ ಹಲಗೆಗಳ ಜೋಡಣೆ. 1939ರಲ್ಲಿ ಜನಿಸಿದ ವಾಸ್ತುಶಿಲ್ಪಿ ಮಾರೆಕ್ ಬುಡ್ಜಿನ್ಸ್ಕಿ ರಾಜಧಾನಿ ವಾರ್ಸಾದಲ್ಲಿ ಉತ್ತರ ಉರ್ಸಿನೂವ್ ಬಡಾವಣೆಯನ್ನು ಯೋಜಿಸಿದ್ದು ಅವೇ ಹಲಗೆಗಳಿಂದ. ಆದರೂ ಬೀದಿ, ಅಂಗಳಗಳ ಆತ್ಮೀಯತೆಯನ್ನು ಅಲ್ಲಿಗೆ ತರಲು ಅವರು ಯತ್ನಿಸಿದರು. 1980ರ ದಶಕದಲ್ಲಿ ಉರ್ಸಿನೂವ್‌ನಲ್ಲಿ ಅವರು ರೂಪಿಸಿದ ಚರ್ಚಿನಲ್ಲಿ ಪರಂಪರೆಯ ಆಕಾರಗಳು ಮರಳಿ ಬಂದವು.

ಕಮ್ಯುನಿಸ್ಟ್ ಆಡಳಿತ 1989ರಲ್ಲಿ ಕೊನೆಗೊಂಡಿತು. ಝ್ಬಿಗ್ನಿಯೆವ್ ಬಾದೊವ್ಸ್ಕಿ ಅವರೊಡನೆ ಬುಡ್ಜಿನ್ಸ್ಕಿ ವಿನ್ಯಾಸಗೊಳಿಸಿದ ಎರಡು ಕಟ್ಟಡಗಳು 1999ರಲ್ಲಿ ಸಿದ್ಧವಾದವು. ವಾರ್ಸಾ ವಿಶ್ವವಿದ್ಯಾಲಯದ ಗ್ರಂಥಾಲಯದ ಮುಂಗೋಡೆಯಲ್ಲಿ ಸಂಸ್ಕೃತ, ಹೀಬ್ರೂ, ಅರಬ್ಬಿ, ಗ್ರೀಕ್ ಪಠ್ಯಗಳಿವೆ; 2002ರಲ್ಲಿ ಅದರ ಛಾವಣಿಯ ಉದ್ಯಾನವೂ ಸಾರ್ವಜನಿಕರಿಗೆ ತೆರೆಯಿತು. ಸುಪ್ರೀಂ ಕೋರ್ಟಿನ ಕಂಬಗಳ ಮೇಲೆ ಲ್ಯಾಟಿನ್ ನ್ಯಾಯಸೂತ್ರಗಳಿವೆ.

ಇಂತಹ ಆಧುನಿಕೋತ್ತರ ಶೈಲಿಯನ್ನು ಬರಿಯ ಅಲಂಕಾರವೆಂದು ಹಳಿಯುವುದುಂಟು. ಆದರೆ 2017ರ ಜುಲೈನಲ್ಲಿ ನ್ಯಾಯಾಂಗದ ಸ್ವಾತಂತ್ರ್ಯಕ್ಕಾಗಿ ಸಾವಿರಾರು ಜನರು ಮೇಣದಬತ್ತಿ ಹಿಡಿದು ನೆರೆದದ್ದು ಆ ಕಂಬಗಳ ಮುಂದೆಯೇ. ಕಂಬದ ಮೇಲೆ ಬರೆದ ಮಾತ್ರಕ್ಕೆ ನ್ಯಾಯ ಉಳಿಯುವುದಿಲ್ಲ, ನಿಜ. ಆದರೆ ಬರೆದದ್ದನ್ನು ಆಳುವವರಿಗೆ ನೆನಪಿಸಲು ಪ್ರಜೆಗಳಿಗೊಂದು ತಾಣ ಬೇಕು. ವಾರ್ಸಾದ ಜನರಿಗೆ ಅದು ದಕ್ಕಿತ್ತು.